ಮೂವರ ಟೆಂಟಿನಲ್ಲಿ ಇಬ್ಬರ ಎರಡು ರಾತ್ರಿ

ಕಳೆದ ಡಿಸೆಂಬರಿನಲ್ಲಿ ನಾನು ಮತ್ತು ನನ್ನ ಪತ್ನಿ ಸಕಲೇಶಪುರದ ಬಳಿ ಕಾಫಿ ತೋಟವೊಂದರ ಕ್ಯಾಂಪಿಂಗ್ ಜಾಗದಲ್ಲಿ ಮೊದಲ ಬಾರಿಗೆ ಸ್ವಂತ ಟೆಂಟ್ ಹಾಕಿ ಎರಡು ರಾತ್ರಿ ಮಲಗಿದೆವು. ಬೆಂಗಳೂರಿನ ಕ್ರೀಡಾ ಸಾಮಗ್ರಿ ಮಳಿಗೆಯೊಂದರಲ್ಲಿ ಸುಮಾರು 4,500 ರೂಪಾಯಿಗೆ ಕೊಂಡ, ಎರಡು ಫೈಬರ್‌ಗ್ಲಾಸ್ ಕೋಲುಗಳು ಒಂದನ್ನೊಂದು ಹಾಯ್ದು ಎತ್ತಿ ನಿಲ್ಲಿಸುವ ಗುಮ್ಮಟದಾಕಾರದ ಟೆಂಟ್ ಅದು.

ಚೀಟಿಯಲ್ಲಿ 3 ಜನರಿಗೆ ಎಂದಿದೆ. ಆದರೆ ಈ ಲೆಕ್ಕದಲ್ಲಿ ಒಬ್ಬರಿಗೆ ಸಿಗುವುದು ಸುಮಾರು 60-70 ಸೆಂಟಿಮೀಟರ್ ಅಗಲ ಮಾತ್ರ. ಚೀಲ, ಬೂಟುಗಳಿಗೆ ಅದರಲ್ಲಿ ಜಾಗವಿಲ್ಲ. ಇಬ್ಬರು ಹೋಗುವುದಾದರೆ ಮೂವರದನ್ನೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಹೊರಡುವ ಮುನ್ನ ಮನೆಯ ತಾರಸಿಯ ಮೇಲೆ ಒಮ್ಮೆ ಕಟ್ಟಿ ನೋಡಿದ್ದರಿಂದ ತೋಟದಲ್ಲಿ ಕಾಲು ಗಂಟೆಯೊಳಗೆ ಟೆಂಟ್ ನಿಂತಿತು. ತಾರಸಿ ಕಲಿಸದ ಪಾಠವೆಂದರೆ ಗೂಟದ್ದು. ಜೊತೆಗೆ ಬಂದಿದ್ದ ತೆಳು ತಂತಿಯ ಗೂಟಗಳು ಕಲ್ಲು ಬೆರೆತ ಗಟ್ಟಿ ಮಣ್ಣಿನಲ್ಲಿ ಬಾಗಿಹೋದವು. ತೋಟದ ಕೆಲಸದವರೊಬ್ಬರು ನಮ್ಮ ಪಾಡು ನೋಡಿ ಹಾರೆಯಿಂದ ತೂತು ಮಾಡಿಕೊಟ್ಟರು. ದಪ್ಪ ಗೂಟಗಳನ್ನೂ ಒಂದು ಸಣ್ಣ ಸುತ್ತಿಗೆಯನ್ನೂ ಬೇರೆಯಾಗಿಯೇ ಕೊಳ್ಳುವುದು ಒಳಿತು.

ಮೊದಲ ಬೆಳಿಗ್ಗೆ ಎದ್ದಾಗ ಟೆಂಟಿನ ಮೇಲೆ ಹೊದಿಸುವ ಹೊರಹೊದಿಕೆಯ ಒಳಮೈಯೆಲ್ಲ ಒದ್ದೆಯಾಗಿ, ಅದು ಟೆಂಟಿನ ಒಳಪದರಕ್ಕೆ ತಾಗಿದ್ದ ಕಡೆಯಿಂದ ಹನಿ ಇಳಿಯುತ್ತಿತ್ತು. ಟೆಂಟ್ ಸೋರುತ್ತದೆಂದು ಆ ಕ್ಷಣವೇ ತೀರ್ಮಾನಿಸಿ, ಈ ವಿಮರ್ಶೆಯ ಮೊದಲ ಸಾಲನ್ನೂ ಕೋಪದಲ್ಲಿ ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಆದರೆ ರಾತ್ರಿ ಮಳೆಯೇ ಬಂದಿರಲಿಲ್ಲ. ಮಂಜಿಗೆ ತಣ್ಣಗಾದ ಬಟ್ಟೆಗೆ ನಮ್ಮಿಬ್ಬರ ಉಸಿರಿನ ತೇವವೇ ತಗುಲಿ ನೀರಾಗಿತ್ತು. ಚಳಿಗೆ ಹೆದರಿ ಗಾಳಿಕಿಂಡಿಗಳನ್ನು ಮುಚ್ಚಿದವರೂ ನಾವೇ. ಮರುರಾತ್ರಿ ಕಿಂಡಿಗಳನ್ನು ತೆರೆದಿಟ್ಟು, ಹೊರಹೊದಿಕೆ ಒಳಪದರಕ್ಕೆ ತಾಗದಂತೆ ಹಗ್ಗಗಳನ್ನು ಬಿಗಿದಾಗ ತೇವ ಬಹಳ ಕಡಿಮೆಯಾಯಿತು. ಹೊರಹೊದಿಕೆಗೆ 2,000 ಮಿಲಿಮೀಟರ್ ಎಂದು ಬರೆದಿರುವುದು ಅಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯುತ್ತದೆಂಬ ಅರ್ಥದಲ್ಲಿ. ಒಳಗಿನಿಂದ ಹುಟ್ಟುವ ನೀರಿಗೆ ಆ ಸಂಖ್ಯೆ ಏನೂ ಮಾಡಲಾರದು.

ಟೆಂಟಿಗಿಂತ ಹೆಚ್ಚು ಯೋಚಿಸಬೇಕಾಗಿದ್ದುದು ಬೆನ್ನಿನ ಕೆಳಗೆ ಏನು ಹಾಸಬೇಕೆಂಬುದನ್ನು. ಸ್ಲೀಪಿಂಗ್ ಬ್ಯಾಗ್ ನಮ್ಮನ್ನು ಬೆಚ್ಚಗಿಡುವುದು ಅದರೊಳಗೆ ತುಂಬಿದ ವಸ್ತುವಿನ ನಡುವೆ ನಿಂತ ಗಾಳಿಯಿಂದ. ಮೈಭಾರಕ್ಕೆ ಅಡಿಭಾಗ ಅಪ್ಪಚ್ಚಿಯಾದರೆ ಅಲ್ಲಿ ಗಾಳಿಯೂ ಇಲ್ಲ, ಬಿಸಿಯೂ ಇಲ್ಲ, ನೆಲದ ಥಂಡಿ ನೇರವಾಗಿ ಸೊಂಟಕ್ಕೆ ಏರುತ್ತದೆ. ಯೋಗದ ತೆಳು ಮ್ಯಾಟ್ ಸಾಕೆಂದು ನಂಬಿದ್ದ ನಾವು ಮೊದಲ ರಾತ್ರಿ ಮೂರು ಗಂಟೆಯಿಂದ ಎದ್ದೇ ಕುಳಿತಿದ್ದೆವು. ಎರಡನೆಯ ರಾತ್ರಿ ತೋಟದವರಿಂದ ಕಂಬಳಿ ಕೇಳಿ ತಂದು, ಮೇಲೆ ಹೊದೆಯದೆ ಮಡಚಿ ಕೆಳಗೆ ಹಾಸಿದಾಗ ನಿದ್ದೆ ಬಂತು. ಆದ್ದರಿಂದ ದುಬಾರಿ ಸ್ಲೀಪಿಂಗ್ ಬ್ಯಾಗಿಗೆ ಹಣ ಸುರಿಯುವ ಮೊದಲು ದಪ್ಪ ಫೋಮ್ ಮ್ಯಾಟ್ ಕೊಳ್ಳಿ, ಅಥವಾ ಮನೆಯ ಕಂಬಳಿಯನ್ನೇ ಕಾರಿಗೆ ಹಾಕಿಕೊಳ್ಳಿ.

ಉಳಿದವು ಸಣ್ಣ ಸಂಗತಿಗಳು. ಕೈಯಲ್ಲಿ ಹಿಡಿಯುವ ಟಾರ್ಚಿಗಿಂತ ಹಣೆಗೆ ಕಟ್ಟುವ ದೀಪ ಉಪಯುಕ್ತ. ಟೆಂಟಿನ ಕೆಳಗೆ ಹಾಸುವ ಟಾರ್ಪಾಲಿನ ಅಂಚು ಅದರಿಂದ ಹೊರಗೆ ಚಾಚಿರಬಾರದು. ಚಾಚಿದ್ದರೆ ಮಳೆನೀರನ್ನು ಹಿಡಿದು ಒಳಕ್ಕೇ ತರುತ್ತದೆ. ಎಷ್ಟೇ ಚಳಿಯಿದ್ದರೂ ಒಲೆಯನ್ನಾಗಲಿ ಕೆಂಡವನ್ನಾಗಲಿ ಒಳಗೆ ಇಡಕೂಡದು, ಅವುಗಳಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಳೆಗಾಲದ ಮಲೆನಾಡು ರಕ್ತ ಹೀರುವ ಇಂಬಳಗಳದ್ದು, ಹೊಸಬರು ಅದನ್ನು ಬಿಟ್ಟುಬಿಡಲಿ.

ಗೂಟಗಳನ್ನು ಬಿಟ್ಟರೆ ಟೆಂಟಿನ ಬಗ್ಗೆ ನನಗೆ ತಕರಾರಿಲ್ಲ. ಗಾಳಿಮಳೆಯಲ್ಲಿ ಇನ್ನೂ ಪರೀಕ್ಷಿಸಿಲ್ಲವಾದ್ದರಿಂದ 5ಕ್ಕೆ 4 ಅಂಕ ಕೊಡುತ್ತೇನೆ. ಮಂಜಿನಲ್ಲಿ ಒದ್ದೆಯಾಗಿಯೇ ಮಡಚಿ ತಂದದ್ದನ್ನು ಮನೆ ತಲುಪಿದ ಸಂಜೆಯೇ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹರವಿದೆವು. ಹಾಗೆಯೇ ಚೀಲದಲ್ಲಿ ಬಿಟ್ಟಿದ್ದರೆ ಬೂಷ್ಟು ಹಿಡಿಯುತ್ತಿತ್ತು.