ಇಂಟರ್‌ವ್ಯೂ ಅಂತ ರೋಗಿಗಳ ಡೇಟಾ ಕಳಿಸಿದರೆ ಮುಟ್ಟಬೇಡಿ

ಬಯೋಇನ್ಫರ್ಮ್ಯಾಟಿಕ್ಸ್ (ಬಯಾಲಜಿ ಡೇಟಾವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವುದು) ಓದಿ ಕೆಲಸ ಹುಡುಕುತ್ತಿರುವವರು ದಯವಿಟ್ಟು ಓದಿ. ನನ್ನ ಹತ್ತು ದಿನ ಹೀಗೆ ಹೋಯಿತು, ನಿಮ್ಮದು ಹೋಗಬಾರದು.

ಬೆಂಗಳೂರಿನ ಒಂದು ಸಣ್ಣ ಜೀನೋಮ್ ಸೀಕ್ವೆನ್ಸಿಂಗ್ ಕಂಪನಿ, ಅಂದರೆ ಡಿಎನ್‌ಎ ಓದಿಕೊಡುವವರು. ಪೈಥಾನ್, ಲಿನಕ್ಸ್ ಬರುವ ಬಯಾಲಜಿಯವರು ಬೇಕು ಅಂತ ಹಾಕಿದ್ದರು. ಫೋನಿನಲ್ಲಿ ಚೆನ್ನಾಗೇ ಮಾತಾಡಿದರು. ‘ಒಂದು ಸಣ್ಣ ಅಸೈನ್‌ಮೆಂಟ್ ಮೇಡಂ, ಮುಗಿಸಿ ಕಳಿಸಿ, ಆಮೇಲೆ ಆಫರ್ ಲೆಟರ್’ ಅಂದರು. ಲಿಂಕ್ ತೆರೆದರೆ ಎಂಟು ಜನರ ಎಕ್ಸೋಮ್ ಫೈಲುಗಳು!

ನಮ್ಮ ಜೀನೋಮಿನಲ್ಲಿ, ಅಂದರೆ ಪೂರ್ತಿ ಡಿಎನ್‌ಎಯಲ್ಲಿ, ಸುಮಾರು 320 ಕೋಟಿ ಅಕ್ಷರಗಳಿವೆ. ಅದರಲ್ಲಿ ಪ್ರೋಟೀನ್ ಕಟ್ಟುವ ಭಾಗವೇ ಎಕ್ಸೋಮ್, ಶೇಕಡಾ 1ರಿಂದ 2 ಅಷ್ಟೇ. ಹಾಗಂತ ಕೆಲಸ ಕಡಿಮೆಯಲ್ಲ. ಕ್ವಾಲಿಟಿ ನೋಡಬೇಕು, ಬಿಡಬ್ಲ್ಯೂಎ ಅನ್ನುವ ಸಾಫ್ಟ್‌ವೇರಿನಲ್ಲಿ ಡಿಎನ್‌ಎ ತುಣುಕುಗಳನ್ನು ಮಾದರಿ ಜೀನೋಮಿಗೆ ಅಲೈನ್ ಮಾಡಬೇಕು (ಹೊಂದಿಸಬೇಕು), ಜಿಎಟಿಕೆ ಅನ್ನುವ ಇನ್ನೊಂದರಲ್ಲಿ ವೇರಿಯಂಟ್ (ಮಾದರಿಗಿಂತ ಬೇರೆಯಿರುವ ಅಕ್ಷರ) ಹುಡುಕಬೇಕು, ಒಂದೊಂದನ್ನೂ ಕ್ಲಿನ್‌ವಾರ್ ಅನ್ನುವ, ಯಾವ ವೇರಿಯಂಟ್‌ಗೂ ಯಾವ ರೋಗಕ್ಕೂ ನಂಟು ಅಂತ ಹೇಳುವ ಡೇಟಾಬೇಸ್ ಜೊತೆ ತಾಳೆ ನೋಡಬೇಕು. ಲ್ಯಾಪ್‌ಟಾಪ್ ರಾತ್ರಿಯಿಡೀ ಓಡುತ್ತಿತ್ತು. ಪಿಜಿಯಲ್ಲಿ ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಆ ಸ್ಯಾಂಪಲ್ ಮತ್ತೆ ಮೊದಲಿಂದ.

ಐದನೇ ದಿನ ಸ್ಯಾಂಪಲ್ ಪಟ್ಟಿಯನ್ನು ಸರಿಯಾಗಿ ಓದಿದೆ. ಹೆಸರು, ವಯಸ್ಸು, ಆಸ್ಪತ್ರೆಯ ನಂಬರ್. ಒಂದು ಸಾಲಿನಲ್ಲಿ ‘3 ವರ್ಷ, ಫಿಟ್ಸ್, ಇನ್ನೂ ನಡೆಯುತ್ತಿಲ್ಲ’ ಅಂತ ಇತ್ತು. ಎದೆ ಧಸಕ್ ಅಂದಿತು. ಆ ಮಗುವಿನ ಅಪ್ಪ ಅಮ್ಮ ಎಲ್ಲೋ ರಿಪೋರ್ಟಿಗೆ ಕಾಯುತ್ತಿದ್ದಾರೆ. ಇಲ್ಲಿ ಕಂಪನಿಯವರು ಕೆಲಸಕ್ಕೇ ಸೇರದ ನನ್ನ ಕೈಲಿ ಅದನ್ನು ಬಿಟ್ಟಿಯಾಗಿ ಮಾಡಿಸುತ್ತಿದ್ದಾರೆ. ನಾನು ತಪ್ಪು ಮಾಡಿದರೆ ನೋಡುವವರು ಯಾರು?

ಫೋನ್ ಮಾಡಿ ಕೇಳಿದೆ. ‘ಅದೆಲ್ಲ ಡಮ್ಮಿ ಡೇಟಾ’ ಅಂದರು. ಕೆಲಸ ಬೇಕಿತ್ತು, ನಂಬಿ ಮುಗಿಸಿಕೊಟ್ಟೆ. ಅದು ನನ್ನ ತಪ್ಪೇ. ಆಮೇಲೆ ಫೋನೂ ಇಲ್ಲ, ಮೇಲಿಗೆ ಉತ್ತರವೂ ಇಲ್ಲ. ತಿಂಗಳ ನಂತರ ನಮ್ಮ ಕಾಲೇಜಿನ ಜೂನಿಯರ್ ಒಬ್ಬಳಿಗೆ ಅದೇ ಅಸೈನ್‌ಮೆಂಟ್ ಬಂತು. ಹೆಸರುಗಳು ಮಾತ್ರ ಬೇರೆ.

ನಿಜವಾಗಿ ಪರೀಕ್ಷೆ ಮಾಡುವವರು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಡೇಟಾ ಕೊಡುತ್ತಾರೆ. ಎನ್‌ಎ12878 ಅನ್ನುವ ಸ್ಯಾಂಪಲ್ ಇದಕ್ಕೆಂದೇ ಹೆಸರುವಾಸಿ. ಅದರ ವೇರಿಯಂಟ್‌ಗಳನ್ನು ಪರಿಶೀಲಿಸಿದ ಪಟ್ಟಿಯೇ ಇದೆ. ಸರಿ ಉತ್ತರ ಮೊದಲೇ ಗೊತ್ತಿದ್ದರೆ ತಾನೇ ಮಾರ್ಕ್ಸ್ ಹಾಕೋಕೆ ಆಗೋದು, ಅಲ್ವಾ? ಉತ್ತರವೇ ಇಲ್ಲದ ಎಂಟು ಸ್ಯಾಂಪಲ್ ಕೊಟ್ಟು ನನ್ನನ್ನು ಹೇಗೆ ಅಳೆಯುತ್ತಾರೆ ಅಂತ ನನಗೆ ಮೊದಲ ದಿನವೇ ಹೊಳೆಯಬೇಕಿತ್ತು.

ಜೂನಿಯರ್‌ಗೆ ಇದನ್ನೇ ಹೇಳಿಕೊಟ್ಟೆ. ‘ಎನ್‌ಎ12878 ಮೇಲೆ ಮಾಡಿ ತೋರಿಸ್ತೀನಿ ಸರ್, ಇವತ್ತೇ ಶುರು ಮಾಡ್ತೀನಿ’ ಅಂತ ಅವಳು ಮೇಲ್ ಹಾಕಿದಳು. ಅವಳಿಗೂ ಉತ್ತರ ಬರಲಿಲ್ಲ.