ಜೇಡಿಮಣ್ಣಿನ ಮೇಲೆ ಮೂರು ಬಗೆಯ ಜಲ್ಲಿ, ಎರಡು ಬಗೆಯ ಬಸಿಗಾಲುವೆ

ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗೆ ನಮ್ಮದು 18 ಮೀಟರ್ ದಾರಿ, 3 ಮೀಟರ್ ಅಗಲ. ಅಡಿಯಲ್ಲಿ ಅಪ್ಪಟ ಜೇಡಿಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಂದರೆ ಕಾಲಿನ ಚಪ್ಪಲಿಯನ್ನೇ ಕಚ್ಚಿಕೊಳ್ಳುತ್ತದೆ. ಇದಕ್ಕೆ ಯಾವ ಜಲ್ಲಿ ಸರಿ ಎಂದು ವಿಚಾರಿಸಿದಾಗ ಒಬ್ಬೊಬ್ಬರೂ ಒಂದೊಂದು ಹೇಳಿದರು. ಹಾಗಾಗಿ ದಾರಿಯನ್ನು ಆರಾರು ಮೀಟರಿನ ಮೂರು ತುಂಡು ಮಾಡಿ, ಮೂರಕ್ಕೂ ಬೇರೆ ಬೇರೆ ಬಗೆಯಲ್ಲಿ ಕಲ್ಲು ಹಾಸಿ, ಎರಡು ಮಳೆಗಾಲ ಕಳೆಯಲು ಬಿಟ್ಟೆ.

ಮೊದಲ ತುಂಡಿಗೆ ಹೊಳೆಯ ದುಂಡುಗಲ್ಲು. ನೋಡುವುದಕ್ಕೆ ಇದರಷ್ಟು ಚೆಂದ ಬೇರೆ ಇಲ್ಲ. ಆದರೆ ನುಣುಪಾದ ಕಲ್ಲಿಗೆ ಪಕ್ಕದ ಕಲ್ಲನ್ನು ಹಿಡಿದುಕೊಳ್ಳಲು ಮೂಲೆಯೇ ಇರುವುದಿಲ್ಲ. ಗಾಲಿ ತಿರುಗಿದ ಕಡೆಯೆಲ್ಲ ಕಲ್ಲು ಬದಿಗೆ ಸರಿದು ದಿಬ್ಬವಾಯಿತು, ನಡುವೆ ಎರಡು ಗಾಲಿಜಾಡು ಬಿತ್ತು. ಜಾಡಿನಲ್ಲಿ ನೀರು ನಿಂತಿತು, ನಿಂತ ನೀರು ಮಣ್ಣನ್ನು ಇನ್ನಷ್ಟು ಮೆತ್ತಗೆ ಮಾಡಿತು. ಮೊದಲ ಮಳೆಗಾಲ ಮುಗಿಯುವ ಮೊದಲೇ ಈ ತುಂಡು ಕೈಬಿಟ್ಟಿತು.

ಕಲ್ಲು ಎಲ್ಲಿಗೆ ಹೋಯಿತೆಂದು ನೋಡಲು ಜಾಡಿನಲ್ಲಿ ಒಂದು ಅಡಿ ಅಗೆದೆ. ಗುದ್ದಲಿಯಿಂದ ಸೀಳಿದ ಗೋಡೆಯಲ್ಲಿ ದುಂಡುಗಲ್ಲುಗಳು ವಸಡಿನಲ್ಲಿ ಹುದುಗಿದ ಹಲ್ಲಿನ ಹಾಗೆ ಮಣ್ಣಿನೊಳಗೆ ಕೂತಿದ್ದವು. ಒಂದನ್ನು ಕಿತ್ತೆ. ಬುಡದಲ್ಲಿ ಉಳಿದ ಗುಳಿಗೆ ಕೂಡಲೇ ಕೆಸರುನೀರು ಜಿನುಗಿತು. ಜೇಡಿಮಣ್ಣಿನ ಗುಟ್ಟು ನನಗೆ ತಿಳಿದದ್ದು ಅಲ್ಲಿ. ಕಲ್ಲು ಕೆಳಗಿಳಿಯುವುದಷ್ಟೇ ಅಲ್ಲ, ಕೆಸರು ಮೇಲಕ್ಕೂ ಏರುತ್ತದೆ. ಗಾಲಿ ಒತ್ತಿದಾಗಲೆಲ್ಲ ಒದ್ದೆ ಮಣ್ಣು ಕಲ್ಲಿನ ಸಂದುಗಳಿಗೆ ನುಗ್ಗಿ ಬರುತ್ತದೆ. ಹೊಸ ಜಲ್ಲಿ ಸುರಿದರೆ ಅದೂ ಒಳಕ್ಕೆ ಸೇರುತ್ತದೆ. ವರ್ಷ ವರ್ಷವೂ ಲೋಡು ತರಿಸಿ ಹಾಕುವವರ ಕಷ್ಟಕ್ಕೆ ಕಾರಣ ಇದೇ.

ಎರಡನೆಯ ತುಂಡಿಗೆ ಕಲ್ಲುಪುಡಿ ಬೆರೆತ ಒಡೆದ ಜಲ್ಲಿ. 20 ಮಿ.ಮೀ. ಗಾತ್ರದಿಂದ ಹಿಡಿದು ಹುಡಿಯವರೆಗೆ ಎಲ್ಲವೂ ಅದರಲ್ಲಿತ್ತು. ಒಟ್ಟು 20 ಸೆಂ.ಮೀ. ದಪ್ಪವನ್ನು ಎರಡು ಪದರವಾಗಿ ಹರಡಿ, ನೀರು ಚಿಮುಕಿಸಿ ದಿಮ್ಮಸು ಮಾಡಿದೆವು. ಪುಡಿ ಸಂದುಗಳನ್ನೆಲ್ಲ ತುಂಬಿದ್ದರಿಂದ ಅದು ನೆಲದ ಹಾಗೆ ಗಟ್ಟಿಯಾಯಿತು. ಸೈಕಲ್ ತುಳಿಯುವುದಕ್ಕೂ ನಡೆಯುವುದಕ್ಕೂ ಮೂರರಲ್ಲಿ ಇದೇ ಹಿತ.

ಈ ತುಂಡಿನ ಕೊನೆಯ ಎರಡು ಮೀಟರಿಗೆ ಮಾತ್ರ ಜಲ್ಲಿಯ ಕೆಳಗೆ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದ್ದೆ. ಇಡೀ ಪ್ರಯೋಗದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎನ್ನಬಹುದು. ಎರಡನೆಯ ಮಳೆಗಾಲದ ಹೊತ್ತಿಗೆ ಬಟ್ಟೆಯಿಲ್ಲದ ನಾಲ್ಕು ಮೀಟರ್ ಮೂರು ಬೆರಳಿನಷ್ಟು ಕುಸಿದು, ಮೇಲೆ ಕೆಸರಿನ ಬಣ್ಣ ಕಾಣಿಸಿತು. ಬಟ್ಟೆಯಿದ್ದ ಭಾಗ ಹಾಕಿದ ಮಟ್ಟದಲ್ಲೇ ಇತ್ತು. ಅದೇ ಜಲ್ಲಿ, ಅದೇ ದಪ್ಪ, ಅದೇ ಕಾರು.

ಮೂರನೆಯ ತುಂಡು: ನೇಯ್ದ ಬಟ್ಟೆ, ಅದರ ಮೇಲೆ 40 ಮಿ.ಮೀ. ಒಡೆದ ಜಲ್ಲಿ 15 ಸೆಂ.ಮೀ., ಮೇಲೆ ಪುಡಿ ಬೆರೆತ 20 ಮಿ.ಮೀ. ಜಲ್ಲಿ 5 ಸೆಂ.ಮೀ. ಮೊನಚು ಮೂಲೆಗಳು ಒಂದಕ್ಕೊಂದು ಸಿಕ್ಕಿಕೊಂಡು ಭಾರವನ್ನು ಅಗಲಕ್ಕೆ ಹಂಚುತ್ತವೆ. ಇದು ಹೊಸ ತಿಳಿವಳಿಕೆಯಲ್ಲ. 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ರಸ್ತೆಗಳ ಹೊಣೆ ಹೊತ್ತ ಜಾನ್ ಲೌಡನ್ ಮೆಕಾಡಮ್ ಹಿಡಿದದ್ದೂ ಇದೇ ದಾರಿ: ಕಲ್ಲು ಒಡೆದದ್ದಾಗಿರಬೇಕು, ಅಡಿಯ ಮಣ್ಣು ಒಣಗಿರಬೇಕು, ಒಣಗಿದ ಮಣ್ಣು ಎಂಥ ಭಾರವನ್ನೂ ಹೊರುತ್ತದೆ ಎಂಬುದು ಅವರ ವಾದ. ಎರಡು ಮಳೆಗಾಲದ ನಂತರವೂ ಈ ತುಂಡಿನಲ್ಲಿ ಜಾಡು ಬಿದ್ದಿಲ್ಲ. ಎರಡನೆಯ ತುಂಡಿನಲ್ಲಿ ಬಟ್ಟೆಯಿದ್ದ ಎರಡು ಮೀಟರೂ ಹಾಗೇ ಇರುವುದರಿಂದ, ಹಗುರ ವಾಹನಕ್ಕೆ ಬಟ್ಟೆ, ಪುಡಿಜಲ್ಲಿ ಅಷ್ಟೇ ಸಾಕೆಂದು ನನಗನ್ನಿಸುತ್ತದೆ. ಲಾರಿ ಬರುವ ದಾರಿಯಾದರೆ ದಪ್ಪ ಜಲ್ಲಿಯ ಅಡಿಪದರ ಬಿಡಬೇಡಿ.

ಹಾಸುವಾಗ ಎಲ್ಲರೂ ಮರೆಯುವುದು ಮಣ್ಣಿನ ಆಕಾರವನ್ನು. ಜೇಡಿಮಣ್ಣನ್ನು ಚೌಕವಾಗಿ ತೋಡಿ ಕಲ್ಲು ತುಂಬಿದರೆ ಅದು ನೀರಿನ ತೊಟ್ಟಿಯಾಗುತ್ತದೆ. ಮೇಲಿನ ಜಲ್ಲಿಗೆ ಇಳಿಜಾರು ಕೊಟ್ಟರೆ ಸಾಲದು, ಕೆಳಗಿನ ಮಣ್ಣಿಗೇ ಕೊಡಬೇಕು. 3 ಮೀಟರ್ ಅಗಲಕ್ಕೆ ನಡುವಿನಲ್ಲಿ ಅಂಚಿಗಿಂತ 4 ಸೆಂ.ಮೀ. ಎತ್ತರವಿರಲಿ. ಮಣ್ಣು ಒದ್ದೆಯಿರುವಾಗ ಕೆಲಸಕ್ಕೆ ಕೈಹಾಕಬೇಡಿ. ಬಟ್ಟೆಯ ಎರಡು ತುಂಡು ಸೇರುವಲ್ಲಿ 45 ಸೆಂ.ಮೀ. ಒಂದರ ಮೇಲೊಂದು ಬರಲಿ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದಾರೆ. ಅದು ನೀರನ್ನು ಬಿಡುವುದಿಲ್ಲ, ಬೇಡ. ದಿಮ್ಮಸಿಗೆ ಜಲ್ಲಿ ಕುಗ್ಗುವುದರಿಂದ ಲೆಕ್ಕಕ್ಕಿಂತ ಐದನೇ ಒಂದು ಪಾಲು ಹೆಚ್ಚು ತರಿಸಿಕೊಳ್ಳಿ.

ಇನ್ನು ಬಸಿಗಾಲುವೆ. ದಾರಿಯ ಎರಡು ಬದಿಗೂ 30 ಸೆಂ.ಮೀ. ಅಗಲ, 45 ಸೆಂ.ಮೀ. ಆಳ, ನೂರಕ್ಕೆ ಒಂದರ ಇಳಿಜಾರು, ತಳದಲ್ಲಿ ತೂತುಗಳಿರುವ ಪೈಪು. ಎಡಬದಿಗೆ ಮಿಕ್ಕಿದ್ದ ಪುಡಿಜಲ್ಲಿಯನ್ನೇ ತುಂಬಿದೆ. ಬಲಬದಿಗೆ ನೇಯದ, ಕಂಬಳಿಯಂಥ ಬಟ್ಟೆಯನ್ನು ಕಾಲುವೆಗೆ ಹಾಸಿ, ತೊಳೆದ ಒಂದೇ ಗಾತ್ರದ 20 ಮಿ.ಮೀ. ಜಲ್ಲಿ ತುಂಬಿ, ಬಟ್ಟೆಯ ಅಂಚುಗಳನ್ನು ಮೇಲೆ ಮಡಚಿದೆ. ಎರಡು ಕಡೆಯೂ ಪೈಪಿನ ತೂತು ಕೆಳಮುಖ.

ಜೋರು ಮಳೆ ನಿಂತ ಮೇಲೆ ಎರಡೂ ಪೈಪುಗಳ ಬಾಯಿಯ ಬಳಿ ಕೂತು ನೋಡಿದೆ. ಬಲಬದಿಯಿಂದ ಹೆಬ್ಬೆರಳು ಗಾತ್ರದ ತಿಳಿನೀರು ಬಿಡುವಿಲ್ಲದೆ ಹರಿಯುತ್ತಿತ್ತು. ಎಡಬದಿಯಲ್ಲಿ ನೂಲಿನಂತೆ ತೊಟ್ಟಿಕ್ಕುತ್ತಿತ್ತು, ಅದೂ ಬೂದುಬಣ್ಣ. ಒಂದೇ ಗಾತ್ರದ ತೊಳೆದ ಜಲ್ಲಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 40 ಭಾಗ ಖಾಲಿ ಸಂದು ಇರುತ್ತದೆ, ನೀರು ನಡೆಯುವುದು ಅದರಲ್ಲಿ. ಪುಡಿ ಅದನ್ನೇ ಮುಚ್ಚುತ್ತದೆ. ದಾರಿಯನ್ನು ಬಿಗಿ ಮಾಡಿದ ಗುಣವೇ ಕಾಲುವೆಯನ್ನು ಕಟ್ಟಿಹಾಕಿತು. ಎರಡು ಕೆಲಸಕ್ಕೂ ಒಂದೇ ಲೋಡು ಸಾಕೆಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ನೀರು ಕೊನೆಗೆ ಹೋಗುವ ಜಾಗವನ್ನೂ ಮೊದಲೇ ನೋಡಿಕೊಳ್ಳಿ. ಇಂಗುಗುಂಡಿ ಮಾಡುವ ಯೋಚನೆಯಿಂದ ನಾನು ಒಂದು ಅಡಿ ಆಳದ ಗುಳಿ ತೋಡಿ ನೀರು ತುಂಬಿಸಿದ್ದೆ. ಮರುದಿನ ಬೆಳಿಗ್ಗೆಯೂ ಮುಕ್ಕಾಲು ಪಾಲು ಹಾಗೆಯೇ ನಿಂತಿತ್ತು. ಇಂಗುಗುಂಡಿಯ ಯೋಚನೆ ಬಿಟ್ಟು, ಪೈಪನ್ನು ತಗ್ಗಿನ ಬಯಲಿಗೆ ತೆರೆದಿಟ್ಟೆ.

ಎಡಬದಿಯ ಕಾಲುವೆಯನ್ನು ಈಗ ಬಗೆದು ಬಲಬದಿಯಂತೆ ಮಾಡಿದ್ದೇನೆ. ಮಣ್ಣಿನಿಂದ ಕಿತ್ತು ತೊಳೆದ ದುಂಡುಗಲ್ಲನ್ನು ಸೂರಿನ ನೀರು ಬೀಳುವ ಗೋಡೆಯಂಚಿಗೆ ಹರಡಿದೆ. ಅಲ್ಲಿ ಗಾಲಿ ಹೋಗುವುದಿಲ್ಲ. ಗೋಡೆಗೆ ಕೆಸರು ಸಿಡಿಯುವುದು ನಿಂತಿದೆ, ಕಲ್ಲು ಇಟ್ಟಲ್ಲೇ ಇದೆ.