ಸಾಸವಡದ ಎರಡೂಕಾಲು ಎಕರೆಗೆ ಒಂದು ಹಳೆಯ ಸಣ್ಣ ಟ್ರ್ಯಾಕ್ಟರ್

ಪುಣೆಯಿಂದ ದಿವೆ ಘಾಟು ಹತ್ತಿ ಸಾಸವಡ ದಾಟಿದ ಮೇಲೆ ಹೊರಳುವ ಒಂದು ಕಚ್ಚಾ ರಸ್ತೆಯ ಕೊನೆಯಲ್ಲಿ ನಮ್ಮ ಮಾವನವರ ಎರಡೂಕಾಲು ಎಕರೆ ಹೊಲವಿದೆ. ಅಕ್ಕಲಕೋಟೆ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಅವರು ಖಡಕಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಹಾರಾಷ್ಟ್ರದಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವಂತಿಲ್ಲವಾದ್ದರಿಂದ, ಊರಿನ ಪಿತ್ರಾರ್ಜಿತ ಹೊಲದ ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಅಲ್ಲಿನ ಪಹಣಿಯಲ್ಲಿ, ಅವರ ಹೆಸರು ಉಳಿದುಕೊಂಡಿದ್ದೇ ಪುಣೆಯ ಪಕ್ಕದ ಈ ತುಂಡು ಭೂಮಿಗೆ ದಾರಿಯಾಯಿತು. ಒಂದು ಎಕರೆ ಅಂಜೂರ, ಅರ್ಧ ಎಕರೆ ಸೀತಾಫಲ, ಉಳಿದದ್ದರಲ್ಲಿ ಜೋಳ ಮತ್ತು ಉಳ್ಳಾಗಡ್ಡಿ. ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಆ ಮಾನ್ಯತೆ ಗಿಡದ ಸಾಲಿನ ನಡುವಿನ ಕಳೆಯನ್ನು ತೆಗೆಯುವುದಿಲ್ಲ.

ಇಷ್ಟು ದಿನ ಬಾಡಿಗೆಯ ಟ್ರ್ಯಾಕ್ಟರಿನಿಂದಲೇ ಕೆಲಸ ನಡೆಯುತ್ತಿತ್ತು. ಸುತ್ತಮುತ್ತ ಸಿಗುವುದೆಲ್ಲ 45 ಅಥವಾ 50 ಎಚ್‌ಪಿಯ ದೊಡ್ಡ ಯಂತ್ರಗಳು. ಅವು ಅಂಜೂರದ ಸಾಲಿನೊಳಗೆ ಹೊಕ್ಕರೆ ಕೆಳಗಿನ ಕೊಂಬೆಗಳು ಉಳಿಯುವುದಿಲ್ಲ. ಹದ ಬಂದ ದಿನ ಎಲ್ಲರಿಗೂ ಒಟ್ಟಿಗೇ ಬೇಕಾಗುವುದರಿಂದ ನಮ್ಮಂಥ ಸಣ್ಣ ಹೊಲದ ಸರದಿ ಮಣ್ಣು ಗಟ್ಟಿಯಾದ ಮೇಲೆ ಬರುತ್ತದೆ. ಕೈಯಲ್ಲಿ ಹಿಡಿದು ಹಿಂದೆ ನಡೆಯುತ್ತ ಕಳೆ ತೆಗೆಯುವ ಪವರ್ ವೀಡರನ್ನೂ ಒಂದು ಹಂಗಾಮು ಬಳಸಿ ನೋಡಿದೆವು. ಎಪ್ಪತ್ತರ ಹತ್ತಿರದ ಮಾವನವರ ರಟ್ಟೆಗೆ ಅದು ಹೇಳಿದ ಯಂತ್ರವಲ್ಲ. ಹೀಗೆ ಕಳೆದ ದಸರೆಯ ಹೊತ್ತಿಗೆ, ಹಳೆಯದಾದರೂ ಸರಿ, 15ರಿಂದ 22 ಎಚ್‌ಪಿಯ ಒಂದು ಸಣ್ಣ ಟ್ರ್ಯಾಕ್ಟರನ್ನು ಕೊಳ್ಳುವುದೆಂದು ತೀರ್ಮಾನವಾಯಿತು.

ಹೊಸದನ್ನೇ ಏಕೆ ಕೊಳ್ಳಲಿಲ್ಲ ಎಂಬ ಪ್ರಶ್ನೆ ಸಹಜವಾದದ್ದು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದ್ದು, ಮೂರು ಲಕ್ಷ ಮೂಲಬೆಲೆಯ ಯಂತ್ರಕ್ಕೆ ಇದರಿಂದ 21,000 ರೂಪಾಯಿ ಉಳಿಯುತ್ತದೆ; ಸರ್ಕಾರದ ಸಹಾಯಧನವೂ ಹೊಸ ಯಂತ್ರಕ್ಕಷ್ಟೇ ಅನ್ವಯಿಸುತ್ತದೆ. ಆದರೆ ನಮ್ಮ ಹೊಲದಲ್ಲಿ ವರ್ಷಕ್ಕೆ 120 ಗಂಟೆಗಿಂತ ಹೆಚ್ಚಿನ ಕೆಲಸವಿಲ್ಲ, ಅಷ್ಟಕ್ಕಾಗಿ ಸಾಲ ಮಾಡಲು ಮಾವನವರು ಒಪ್ಪಲಿಲ್ಲ. ಹಳೆಯದನ್ನು ನೋಡಹೊರಟವರು ಒಂದು ಮಾತನ್ನು ನೆನಪಿಡಬೇಕು: ತೆರಿಗೆ ಇಳಿದ ಮೇಲೂ ಹಳೆಯ ಯಂತ್ರಗಳನ್ನು ಮಾರುವವರು ಹಿಂದಿನ ಹೊಸ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು ದರ ಹೇಳುತ್ತಿದ್ದಾರೆ. ಚೌಕಾಸಿಗೆ ಕೂರುವ ಮುನ್ನ ಅದೇ ಮಾದರಿಯ ಇಂದಿನ ಷೋರೂಮ್ ದರವನ್ನು ಬರೆದುಕೊಂಡು ಹೋಗುವುದು ಒಳ್ಳೆಯದು.

ಪುಣೆಯವರೇ ಆದ ಫೋರ್ಸ್ ಮೋಟರ್ಸ್‌ನ 27 ಎಚ್‌ಪಿಯ ಆರ್ಚರ್ಡ್ ಮಿನಿ ಮೊದಲು ಮನಸ್ಸಿಗೆ ಬಂದಿತ್ತು. ಆದರೆ ಕಂಪನಿಯು 2024ರಲ್ಲಿ ಟ್ರ್ಯಾಕ್ಟರ್ ವ್ಯವಹಾರವನ್ನೇ ಕೈಬಿಟ್ಟಿರುವುದರಿಂದ ಇನ್ನು ಹತ್ತು ವರ್ಷ ಬಿಡಿಭಾಗಗಳನ್ನು ಹುಡುಕುವ ಧೈರ್ಯ ನಮಗೆ ಬರಲಿಲ್ಲ. ಸ್ವರಾಜ್ 717 ಮತ್ತು ಮಹೀಂದ್ರಾ ಯುವರಾಜ್ 215 ಒಂದೇ ಮನೆತನದವು, ಎರಡೂ 15 ಎಚ್‌ಪಿ, ಎರಡಕ್ಕೂ ಒಂದೇ ಸಿಲಿಂಡರು. ಆದ್ದರಿಂದ ಯಾವುದು ಚೆನ್ನಾಗಿ ಸಿಕ್ಕರೆ ಅದು ಎಂದುಕೊಂಡೆವು. ಕೊನೆಗೆ ಕಣ್ಣಾರೆ ನೋಡಿ, ಓಡಿಸಿ, ಬಿಚ್ಚಿ ಪರೀಕ್ಷಿಸಿದ್ದು ಮೂರನ್ನು. ಮೂರೂ ಕಡೆ ನಮ್ಮೊಂದಿಗೆ ಹಡಪಸರದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ವಿಜಯಪುರ ಕಡೆಯ ಒಬ್ಬ ಮಿಸ್ತ್ರಿ ಬಂದಿದ್ದರು. ದಿನಕ್ಕೆ 1,500 ರೂಪಾಯಿ ಮತ್ತು ಊಟ. ಈ ಇಡೀ ವ್ಯವಹಾರದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಬೇರೊಂದಿರಲಿಲ್ಲ.

ಮೊದಲನೆಯದು ನಾರಾಯಣಗಾವದ ದ್ರಾಕ್ಷಿ ತೋಟದ ವಿಎಸ್‌ಟಿ ಶಕ್ತಿ ಎಂಟಿ 180ಡಿ. 1967ರಲ್ಲಿ ಆರಂಭವಾದ ಬೆಂಗಳೂರಿನ ಕಂಪನಿ, ಜಪಾನಿನ ಮಿತ್ಸುಬಿಷಿಯ ತಾಂತ್ರಿಕ ಸಹಯೋಗ, ಮೂರು ಸಿಲಿಂಡರಿನ ನುಣುಪಾದ ಇಂಜಿನ್. ನಮ್ಮವರ ಕಂಪನಿ ಎಂಬ ಅಭಿಮಾನ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಮಾಲೀಕರು 1,90,000 ರೂಪಾಯಿ ಹೇಳಿದ್ದರು, ಇಂಜಿನ್ ಓಡಿದ ಗಂಟೆಗಳನ್ನು ತೋರಿಸುವ ಮೀಟರಿನಲ್ಲಿ 2,100 ಗಂಟೆ ಇತ್ತು, ಟೈರುಗಳು ಹೊಸತರಂತೆಯೇ ಕಾಣುತ್ತಿದ್ದವು. ನಾನು ಟೈರು ನೋಡಿ ಹಿಗ್ಗಿದೆ; ಮಿಸ್ತ್ರಿ ಮಾತ್ರ ಮಡ್‌ಗಾರ್ಡಿನ ಒಳಮೂಲೆಗೆ ಬೆರಳು ಹಾಕಿ ಉಜ್ಜಿ, ತುದಿಗೆ ಅಂಟಿದ ತಿಳಿನೀಲಿ ಪುಡಿಯನ್ನು ನನಗೆ ತೋರಿಸಿದರು. ಅದು ಮೈಲುತುತ್ತ. "ಬರೇ ಔಷಧ ಹೊಡದೈತ್ರೀ ಸರ ಇದು, ಮಣ್ಣ ನೋಡೇ ಇಲ್ಲ," ಎಂದರು.

ಈ ಒಂದು ಮಾತಿನ ಹಿಂದೆ ದೊಡ್ಡ ಲೆಕ್ಕವಿದೆ. ದ್ರಾಕ್ಷಿ ತೋಟದಲ್ಲಿ ಸಣ್ಣ ಟ್ರ್ಯಾಕ್ಟರಿನ ಮುಖ್ಯ ಕೆಲಸ ಬ್ಲೋವರಿನಿಂದ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಮತ್ತು ಇತರ ಔಷಧಗಳನ್ನು ಸಿಂಪಡಿಸುವುದು. ಅದಕ್ಕಾಗಿ ಪಿಟಿಒ ಶಾಫ್ಟನ್ನು, ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಸಲಕರಣೆಗೆ ಕೊಡುವ ದಂಡವನ್ನು, ಗಂಟೆಗಟ್ಟಲೆ ಒಂದೇ ವೇಗದಲ್ಲಿ ತಿರುಗಿಸುತ್ತ ಯಂತ್ರ ನಿಧಾನವಾಗಿ ಸಾಗುತ್ತದೆ. ಎಳೆತದ ಕೆಲಸವಿಲ್ಲದ್ದರಿಂದ ಟೈರು, ಗೇರು, ಕ್ಲಚ್ ಸವೆಯುವುದಿಲ್ಲ, ಆದರೆ ಇಂಜಿನ್ ಮತ್ತು ಪಿಟಿಒ ಬೇರಿಂಗುಗಳು ಸವೆಯುತ್ತವೆ, ತಾಮ್ರದ ದ್ರಾವಣ ವೈರಿಂಗಿನ ತುದಿಗಳನ್ನೂ ರೇಡಿಯೇಟರಿನ ತೆಳುವಾದ ರೆಕ್ಕೆಗಳನ್ನೂ ತಿನ್ನುತ್ತದೆ. ಪಿಟಿಒ ಕವಚ ತೆಗೆದು ನೋಡಿದಾಗ ಶಾಫ್ಟಿನ ಹಲ್ಲುಗಳು ಚೂಪಾಗಿ ಸವೆದಿದ್ದವು. ಮಾದರಿಯ ಬಗ್ಗೆ ಇಂದಿಗೂ ನನ್ನ ಅಭಿಪ್ರಾಯ ಚೆನ್ನಾಗಿಯೇ ಇದೆ. ಜೋಳದ ಹೊಲದಲ್ಲಿ ದುಡಿದ ಅದೇ ಎಂಟಿ 180ಡಿ ಸಿಕ್ಕಿದ್ದರೆ ಬಹುಶಃ ಅದನ್ನೇ ತರುತ್ತಿದ್ದೆವು.

ಎರಡನೆಯದು ಸೋಲಾಪುರ ರಸ್ತೆಯ ಬದಿಯ ಒಂದು ಯಾರ್ಡಿನಲ್ಲಿ ನಿಂತಿದ್ದ ಕುಬೋಟಾ ನಿಯೋಸ್ಟಾರ್ ಎ211ಎನ್. ನಮ್ಮ ಅಗತ್ಯವನ್ನು ಕಾಗದದ ಮೇಲೆ ಬರೆದು ಯಾರಿಗಾದರೂ ಕೊಟ್ಟರೆ ಅವರು ಇದನ್ನೇ ಸೂಚಿಸುತ್ತಾರೆ: 21 ಎಚ್‌ಪಿ, ಮೂರು ಸಿಲಿಂಡರು, 1,001 ಸಿಸಿ, ನಾಲ್ಕೂ ಚಕ್ರಕ್ಕೆ ಎಳೆತ, ಒಂಬತ್ತು ಮುಂದಿನ ಹಾಗೂ ಮೂರು ಹಿಂದಿನ ಗೇರುಗಳು, ಎಲ್ಲಕ್ಕಿಂತ ಮಿಗಿಲಾಗಿ ಸಾಲಿನೊಳಗೆ ಸಲೀಸಾಗಿ ನುಸುಳುವ ಕಿರಿದಾದ ಮೈ. ಹತ್ತಿ ಕುಳಿತು ಯಾರ್ಡಿನಲ್ಲೇ ಎರಡು ಸುತ್ತು ಹಾಕಿದಾಗ ಅದು ತಿರುಗುವ ರೀತಿಗೆ ಮಾವನವರು ಮನಸೋತರು. ಬೆಲೆ 3,40,000 ರೂಪಾಯಿ, ಮೀಟರಿನಲ್ಲಿ 612 ಗಂಟೆ.

612 ಗಂಟೆ ಓಡಿದ ಯಂತ್ರದ ಬ್ರೇಕ್ ಪೆಡಲಿನ ರಬ್ಬರು ಕಬ್ಬಿಣ ಕಾಣುವಷ್ಟು ಸವೆದಿರುವುದಿಲ್ಲ. ಟ್ರ್ಯಾಲಿ ಸಿಕ್ಕಿಸುವ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿರುವುದಿಲ್ಲ. ಇಡೀ ಮೈಗೆ ಹೊಸ ಕಿತ್ತಳೆ ಬಣ್ಣ ಹೊಡೆದಿದ್ದರೂ ಗೇರ್ ಪೆಟ್ಟಿಗೆಯ ಬೋಲ್ಟುಗಳ ತಲೆಯ ಮೇಲಿನ ಬಣ್ಣ ಮಾತ್ರ ಪಾನಾ ತಾಗಿ ಎದ್ದಿತ್ತು, ಅಂದರೆ ಬಣ್ಣ ಹೊಡೆದ ಮೇಲೂ ಯಾರೋ ಅದನ್ನು ಬಿಚ್ಚಿದ್ದಾರೆ. ನಾವು ತಲುಪುವ ಮೊದಲೇ ಇಂಜಿನ್ ಚಾಲೂ ಮಾಡಿ ಬೆಚ್ಚಗೆ ಮಾಡಿಟ್ಟಿದ್ದರು, ಹಾಗಾಗಿ ತಣ್ಣಗಿರುವಾಗ ಅದು ಹೇಗೆ ಹತ್ತುತ್ತದೆಂದು ನೋಡಲಾಗಲಿಲ್ಲ. ಮೀಟರಿನ ಬಗ್ಗೆ ಕೇಳಿದಾಗ ಯಾರ್ಡಿನವರು ಹಿಂದಿನ ಮಾಲೀಕರ ಕಡೆಗೆ ಬೊಟ್ಟು ಮಾಡಿದರು, ಹಿಂದಿನ ಮಾಲೀಕರ ಸಂಪರ್ಕ ಕೇಳಿದರೆ ಕೊಡಲಿಲ್ಲ. ಇದರಲ್ಲಿ ತಯಾರಕರ ತಪ್ಪು ಎಳ್ಳಷ್ಟೂ ಇಲ್ಲ. ಮಾವನವರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಹಡಪಸರ ಬಂದ ಮೇಲೆ, "ಛಲೋ ಇತ್ರೀ ಅಳಿಯಾರ, ಆದರ ಬ್ಯಾಡ," ಎಂದರು.

ಮೂರನೆಯದು ಬಾರಾಮತಿಯಾಚೆಯ ಹಳ್ಳಿಯ ಒಬ್ಬ ಕಬ್ಬು ಬೆಳೆಗಾರರ ಬಳಿಯಿದ್ದ 2017ರ ಯುವರಾಜ್ 215 ಎನ್‌ಎಕ್ಸ್‌ಟಿ. 863.5 ಸಿಸಿಯ ಒಂದೇ ಸಿಲಿಂಡರು, 15 ಎಚ್‌ಪಿ, ಪಿಟಿಒ ತುದಿಯಲ್ಲಿ ಸಿಗುವುದು 11.4 ಎಚ್‌ಪಿ, ಹಿಂದಿನ ಸಲಕರಣೆಯನ್ನು ಮೇಲೆತ್ತುವ ಲಿಫ್ಟ್ 778 ಕಿಲೋ ಎತ್ತಬಲ್ಲದು. ಹಿಂದಿನ ಎರಡು ಚಕ್ರಗಳಿಗಷ್ಟೇ ಎಳೆತ. ಗುಣಗಳ ಪಟ್ಟಿಯಲ್ಲಿ ಮೂರರಲ್ಲೇ ಹಿಂದುಳಿದದ್ದು ಇದು. ಮೀಟರಿನಲ್ಲಿ 1,340 ಗಂಟೆ, ಒಬ್ಬರೇ ಮಾಲೀಕರು, ಕೆಲಸ ಕಬ್ಬಿನ ಸಾಲಿನ ನಡುವೆ ಹರಗುವುದು ಮತ್ತು ಮಣ್ಣೇರಿಸುವುದು. ಹಿಂದಿನ ಟೈರು ಅರ್ಧ ಸವೆದಿತ್ತು, ಪೆಡಲು ಅರ್ಧ ಸವೆದಿತ್ತು, ಸೀಟಿನ ರೆಗ್ಜಿನ್ ಒಂದು ಕಡೆ ಹರಿದು ಹೊಲಿಗೆ ಕಂಡಿತ್ತು. ಎಲ್ಲವೂ ಒಂದೇ ವಯಸ್ಸನ್ನು ಹೇಳುತ್ತಿದ್ದವು, ಮಿಸ್ತ್ರಿಗೆ ಹಿಡಿಸಿದ್ದು ಅದೇ.

ಇಲ್ಲಿ ನಡೆದ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹಿಂದಿನ ಸಂಜೆಯೇ ಫೋನು ಮಾಡಿ, ನಾವು ಬರುವವರೆಗೂ ಚಾಲೂ ಮಾಡಬೇಡಿ ಎಂದು ಕೇಳಿಕೊಂಡಿದ್ದೆವು. ಬೆಳಿಗ್ಗೆ ಏಳಕ್ಕೆ ಮಿಸ್ತ್ರಿ ಇಂಜಿನ್ನಿನ ಮೇಲೆ ಅಂಗೈ ಇಟ್ಟು ತಣ್ಣಗಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಕೀಲಿ ತಿರುಗಿಸಿದರು. ಎರಡನೆಯ ಪ್ರಯತ್ನಕ್ಕೆ ಹತ್ತಿತು. ಮೊದಲು ಸ್ವಲ್ಪ ಬಿಳಿ ಹೊಗೆ, ಒಂದು ನಿಮಿಷದಲ್ಲಿ ತಿಳಿ. ನೀಲಿ ಹೊಗೆ ಬಂದಿದ್ದರೆ ಎಣ್ಣೆ ಸುಡುತ್ತಿದೆ ಎಂದರ್ಥ, ಅಲ್ಲಿಂದಲೇ ಹಿಂದಿರುಗುತ್ತಿದ್ದೆವು. ಇಂಜಿನ್ ನಡೆಯುತ್ತಿರುವಾಗಲೇ ಎಣ್ಣೆ ತುಂಬುವ ಮುಚ್ಚಳವನ್ನು ತೆರೆದು ಅದರ ಬಾಯಿಯ ಮೇಲೆಯೇ ಮಗುಚಿಟ್ಟರು, ಅದು ನಡುಗಿತೇ ಹೊರತು ಹಾರಿ ಬೀಳಲಿಲ್ಲ; ಪಿಸ್ಟನ್ ರಿಂಗುಗಳು ಸವೆದ ಇಂಜಿನ್ ಆ ಮುಚ್ಚಳವನ್ನು ಉಗುಳಿಬಿಡುತ್ತದೆಯಂತೆ. ಅಳತೆಕಡ್ಡಿಯ ಎಣ್ಣೆ ಕಪ್ಪಗಿತ್ತು, ಹಾಲು ಬೆರೆಸಿದಂತಿರಲಿಲ್ಲ, ಆದ್ದರಿಂದ ಎಣ್ಣೆಗೆ ನೀರು ಸೇರಿಲ್ಲ. ಮುಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ ಅಲುಗಾಡಿಸಿದಾಗ ಎಡಗಡೆ ತುಸು ಸಡಿಲ ಕಂಡಿತು.

ಕೊನೆಗೆ ಲಿಫ್ಟು. ಮಾಲೀಕರದೇ ಮೂರಡಿಯ, ಮಣ್ಣು ಪುಡಿಮಾಡುವ ರೋಟಾವೇಟರನ್ನು ಸಿಕ್ಕಿಸಿ, ಪೂರ್ತಿ ಎತ್ತಿ, ಇಂಜಿನ್ ನಿಲ್ಲಿಸಿ, ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅದರ ಮಟ್ಟವನ್ನು ಗುರುತು ಮಾಡಿ ಚಹಾಕ್ಕೆ ಕುಳಿತೆವು. ಕಾಲು ಗಂಟೆಯ ನಂತರ ಗುರುತಿಗಿಂತ ನಾಲ್ಕು ಬೆರಳು ಕೆಳಗಿಳಿದಿತ್ತು. ಲಿಫ್ಟಿನ ಒಳಗಿನ ಸೀಲು ಸೋರುತ್ತಿದೆ, ಕೆಲಸಕ್ಕೆ ಅಡ್ಡಿಯಿಲ್ಲ, ಬದಲಾಯಿಸಬೇಕು. ಮಾಲೀಕರು ಅದನ್ನು ಅಲ್ಲಗಳೆಯಲಿಲ್ಲ. 2,10,000ಕ್ಕೆ ಆರಂಭವಾದ ಮಾತು 1,85,000ಕ್ಕೆ ಮುಗಿಯಿತು. ರೋಟಾವೇಟರಿಗೆ ಬೇರೆ 28,000.

ಕಾಗದಪತ್ರಗಳು ಯಂತ್ರಕ್ಕಿಂತ ಹೆಚ್ಚು ಕಾಡಿದವು. ಸಾಲ ತೀರಿ ನಾಲ್ಕು ವರ್ಷವಾಗಿದ್ದರೂ ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಅಡಮಾನದ ನಮೂದು ಹಾಗೆಯೇ ಇತ್ತು. ಅದನ್ನು ತೆಗೆಸಲು ಬ್ಯಾಂಕಿನ ಸಹಿಯಿರುವ 35ನೇ ನಮೂನೆ ಬೇಕು, ಅದಾದ ಮೇಲೆ ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳು. ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂಬ ನಿಯಮವಿದೆ. ಅಡಮಾನದ ನಮೂದು ಹೋಗುವವರೆಗೂ ನಾವು 20,000 ರೂಪಾಯಿಯನ್ನು ತಡೆಹಿಡಿದಿದ್ದರಿಂದಲೇ ಮಾಲೀಕರು ಮೂರು ಬಾರಿ ಬ್ಯಾಂಕಿಗೆ ಅಲೆದರು ಎಂಬುದು ನನ್ನ ನಂಬಿಕೆ. ಎಂಎಚ್ 42 ಸಂಖ್ಯೆಯೇ ಮುಂದುವರಿಯಿತು. ವಿಜಯಪುರ ಅಥವಾ ಬೆಳಗಾವಿಯಿಂದ ಅಗ್ಗಕ್ಕೆ ತರುವ ಯೋಚನೆಯಿರುವವರು ಮಾತ್ರ ಹೊರರಾಜ್ಯದ ನಿರಾಕ್ಷೇಪಣಾ ಪತ್ರದ, ಅಂದರೆ 28ನೇ ನಮೂನೆಯ ತಿರುಗಾಟವನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು.

ಡಿಸೆಂಬರಿನಿಂದ ಈವರೆಗೆ 90 ಗಂಟೆ ಓಡಿಸಿದ್ದೇವೆ. ಲಿಫ್ಟಿನ ಸೀಲು, ಮುಂದಿನ ಎಡಚಕ್ರದ ಬುಷ್, ಎಣ್ಣೆ, ಫಿಲ್ಟರುಗಳು ಮತ್ತು ಮುಂದಿನ ಎರಡು ಟೈರು ಸೇರಿ 17,400 ರೂಪಾಯಿ ಖರ್ಚಾಯಿತು. ರೋಟಾವೇಟರ್ ಹೊಡೆಯುವಾಗ ಗಂಟೆಗೆ ಎರಡು ಲೀಟರಿನ ಆಸುಪಾಸು ಡೀಸೆಲ್ ಬೇಕು. ಅಂಜೂರದ ಬೇರು ಮೇಲ್ಮಟ್ಟದಲ್ಲೇ ಹರಡುವುದರಿಂದ ನಾಲ್ಕು ಅಂಗುಲಕ್ಕಿಂತ ಆಳಕ್ಕೆ ಇಳಿಸುವುದಿಲ್ಲ, ಅಷ್ಟು ಕೆಲಸಕ್ಕೆ 15 ಎಚ್‌ಪಿ ಧಾರಾಳವಾಗಿ ಸಾಲುತ್ತದೆ. ಒಂದೇ ಸಿಲಿಂಡರಿನ ಅದುರು ಇದ್ದೇ ಇದೆ. ಎರಡು ಗಂಟೆ ಕುಳಿತು ಇಳಿದರೆ ಅಂಗೈಯಲ್ಲಿ ಇನ್ನೂ ಅರ್ಧ ಗಂಟೆ ಜುಮ್ಮೆನ್ನುತ್ತಿರುತ್ತದೆ. ಮಾವನವರಿಗೆ ಆ ಡಬ್ ಡಬ್ ಸದ್ದು ಅಕ್ಕಲಕೋಟೆಯ ಬಾವಿಯ ಡೀಸೆಲ್ ಪಂಪನ್ನು ನೆನಪಿಸುತ್ತದಂತೆ, ಅವರು ದೂರುವುದಿಲ್ಲ. ಅವರ ದೂರು ಅಂಜೂರದ ಹಾಲಿನದು. ಸೀಟಿನ ಎತ್ತರಕ್ಕೆ ಸರಿಯಾಗಿ ಕೊಂಬೆಗಳು ತೋಳಿಗೆ ತಾಗಿ, ಮುರಿದ ಎಲೆಯ ಹಾಲು ಮೈಗೆ ಹತ್ತಿ ನವೆಯೇಳುತ್ತದೆ. ಈಗ ತುಂಬು ತೋಳಿನ ಅಂಗಿ ತೊಟ್ಟೇ ಹತ್ತುತ್ತಾರೆ.

ಇಳಿಜಾರಿನಲ್ಲಿ ಮಾತ್ರ ಕುಬೋಟಾದ ನೆನಪು ಬರುತ್ತದೆ. ರೋಟಾವೇಟರನ್ನು ಎತ್ತಿಕೊಂಡು ಒಡ್ಡು ಹತ್ತುವಾಗ ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ತಿರುಗಿಸಿದರೂ ಯಂತ್ರ ತಿರುಗದ ಕ್ಷಣಗಳಿವೆ. ಮುಂದೆ ತೂಕದ ಬಿಲ್ಲೆಗಳನ್ನು ಹಾಕಿಸಿ, ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿದ ಮೇಲೆ ನಡುವಿನ ತಾಕಿನವರೆಗೆ ತೊಂದರೆಯಿಲ್ಲ. ಹೊಲ ಸಮತಟ್ಟಾಗಿರುವವರಿಗೆ ಇದೇ ಯುವರಾಜನನ್ನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ನಮ್ಮಂತೆ ಮೆಟ್ಟಿಲು ಹೊಲವಿರುವವರು ಇನ್ನೊಂದು ಲಕ್ಷ ಹೊಂದಿಸಿ, ಇತಿಹಾಸ ತಿಳಿದಿರುವ ನಾಲ್ಕು ಚಕ್ರ ಎಳೆತದ ಯಂತ್ರಕ್ಕಾಗಿ ಆರು ತಿಂಗಳು ಕಾಯಬಹುದು. ಎಲ್ಲಕ್ಕೂ ಮೇಲಿನ ಹತ್ತು ಗುಂಟೆಯ ತಾಕಿಗೆ ನಾವು ಟ್ರ್ಯಾಕ್ಟರನ್ನು ಒಯ್ಯುವುದನ್ನು ಬಿಟ್ಟಿದ್ದೇವೆ. ಅಲ್ಲಿ ಈ ಸಲವೂ ಪಕ್ಕದ ಹೊಲದವರ ಎತ್ತುಗಳೇ ಕುಂಟೆ ಹೊಡೆದವು.